ಪಾತಕ ಕಥನ

ಅಪರಾಧವನ್ನು ಬದುಕಿನ ದಾರಿಯಾಗಿ ಹಿಡಿದವನ, ಅಥವಾ ಹಾಗೆ ಹಿಡಿಯಬೇಕಾಗಿ ಬಂದವನ ಕಥೆಯನ್ನು ಅವನ ಓಣಿ, ಅವನ ಗುಂಪು, ಅವನ ಋಣಗಳ ಒಳಗಿನಿಂದ ಹೇಳುವ ಲಾವಣಿ, ನಾಟಕ, ಕಾದಂಬರಿ, ಆತ್ಮಕಥನ ಮತ್ತು ಚಲನಚಿತ್ರಗಳನ್ನು ಒಟ್ಟಾಗಿ ಪಾತಕ ಕಥನ ಎನ್ನಬಹುದು. ಪತ್ರಿಕೆಗಳಲ್ಲಿ ಇದಕ್ಕೆ ‘ಭೂಗತ ಲೋಕದ ಕಥೆ’ ಎಂಬ ಹೆಸರೂ ಸಿನಿಮಾ ವಲಯದಲ್ಲಿ ‘ರೌಡಿಸಂ ಕಥೆ’, ‘ಮಚ್ಚು ಲಾಂಗಿನ ಸಿನಿಮಾ’ ಎಂಬ ಹೆಸರುಗಳೂ ರೂಢಿಯಲ್ಲಿವೆ. ಕೊಲೆ, ಸುಲಿಗೆ, ದರೋಡೆಗಳು ಈ ಕಥನದ ಹೊರಮೈ. ಅದರ ನಿಜವಾದ ವಸ್ತು ನಂಬಿಕೆ: ಯಾರು ಯಾರ ಉಪ್ಪು ಉಂಡರು, ಯಾರು ಯಾರನ್ನು ಹಿಡಿದುಕೊಟ್ಟರು, ರಕ್ತ ಹತ್ತಿದ ಕೈಯವನಿಗೆ ಮರಳಿ ಮನುಷ್ಯರ ನಡುವೆ ಬಾಳಲು ದಾರಿ ಇದೆಯೇ ಎಂಬ ಪ್ರಶ್ನೆಗಳು.

ಪತ್ತೇದಾರಿ ಸಾಹಿತ್ಯದಿಂದ ಇದು ಬೇರೆ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಕಾದಂಬರಿಗಳಲ್ಲಿ ಓದುಗ ತನಿಖೆ ಮಾಡುವವನ ಹೆಗಲಿಗೆ ಹೆಗಲು ಕೊಟ್ಟು ನಡೆಯುತ್ತಾನೆ, ಕೊನೆಯ ಪುಟದಲ್ಲಿ ಅಪರಾಧಿ ಸಿಕ್ಕಿದರೆ ಕಥೆ ಮುಗಿಯಿತು. ಪಾತಕ ಕಥನದಲ್ಲಿ ಅಪರಾಧಿ ಯಾರೆಂಬುದು ಮೊದಲ ಪುಟದಲ್ಲೇ ಗೊತ್ತಿರುತ್ತದೆ. ಅವನು ಹಾಗಾದದ್ದು ಹೇಗೆ ಎಂಬುದಕ್ಕಾಗಿ ಓದುಗ ಮುಂದೆ ಓದುತ್ತಾನೆ.

ಮೂಲ

ಕನ್ನಡದ ಹಳೆಯ ಗದ್ಯಕೃತಿ ‘ವಡ್ಡಾರಾಧನೆ’ಯ ಹತ್ತೊಂಬತ್ತು ಕಥೆಗಳಲ್ಲಿ ಒಂದು ವಿದ್ಯುಚ್ಚೋರನದು. ಕಳ್ಳತನದ ವಿದ್ಯೆಯಲ್ಲಿ ನಿಪುಣನಾದವನು ಕೊನೆಗೆ ಜೈನ ಮುನಿಯಾಗುವ ಈ ಕಥೆಯಲ್ಲಿ ಪಾತಕದಿಂದ ಬಿಡುಗಡೆಯವರೆಗಿನ ಪೂರ್ಣ ದಾರಿ ಆಗಲೇ ಸಿದ್ಧವಾಗಿದೆ. ಹನ್ನೆರಡನೆಯ ಶತಮಾನದ ಶರಣ ಪರಂಪರೆ ಈ ದಾರಿಯನ್ನು ಅರಮನೆಯ ಕಥೆಯಿಂದ ಬೀದಿಗೆ ತಂದಿತು. ಗೋಡೆಗೆ ಕನ್ನ ಹಾಕುವ ಕಸುಬಿನವನಾಗಿದ್ದ ಕನ್ನದ ಮಾರಿತಂದೆ ವಚನಕಾರನಾದ. ಈಗಿನ ನಾಂದೇಡ ಜಿಲ್ಲೆಯ ಕಂಧಾರದ ಪರಿಸರದೊಂದಿಗೆ ಹೆಸರು ಬೆಸೆದುಕೊಂಡಿರುವ ಉರಿಲಿಂಗಪೆದ್ದಿಯೂ ಮೊದಲು ಕಳ್ಳನಾಗಿದ್ದನೆಂದು ಪರಂಪರೆ ಹೇಳುತ್ತದೆ. ಇವರು ಹಳೆಯ ಕಸುಬನ್ನು ಮುಚ್ಚಿಡಲಿಲ್ಲ. ಮಾರಿತಂದೆಗೆ ಅದು ಹೆಸರಿನ ಭಾಗವಾಗಿಯೇ ಉಳಿಯಿತು. ಸಿದ್ಧರಾಮನ ಸೊನ್ನಲಿಗೆ, ಅಂದರೆ ಇಂದಿನ ಸೊಲ್ಲಾಪುರ, ಈ ಶರಣ ನೆನಪಿನ ದೊಡ್ಡ ಕೇಂದ್ರಗಳಲ್ಲಿ ಒಂದಾಗಿರುವುದರಿಂದ ಕೆಟ್ಟವನು ತಿರುಗಿ ಬರಬಲ್ಲ ಎಂಬ ನಂಬಿಕೆ ಈ ಸೀಮೆಗೆ ಹೊಸದಲ್ಲ.

ಎರಡನೆಯ ಮೂಲ ಜನಪದ ಲಾವಣಿ. ಜಾನ್ ಫೇತ್‌ಫುಲ್ ಫ್ಲೀಟ್ ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಪ್ರಕಟಿಸಿದ ಕನ್ನಡ ಲಾವಣಿಗಳಲ್ಲಿ ಸಂಗೊಳ್ಳಿ ರಾಯಣ್ಣ ಮತ್ತು ಹಲಗಲಿಯ ಬೇಡರ ಹಾಡುಗಳ ಜೊತೆಗೆ ಬೈಲಹೊಂಗಲದ ಸಂಗ್ಯಾನ ಕೊಲೆಯ ಹಾಡೂ ಇದೆ. ಸರಕಾರ ಬಂಡಾಯಗಾರನೆಂದು ಗಲ್ಲಿಗೇರಿಸಿದವನೂ ಊರೊಳಗಿನ ಹಗೆಗೆ ಬಲಿಯಾದವನೂ ಲಾವಣಿಕಾರನ ಬಾಯಲ್ಲಿ ಒಂದೇ ಮಟ್ಟಿನಲ್ಲಿ ಹಾಡಿಸಿಕೊಂಡರು. ಕಾನೂನು ಹಾಕಿದ ಗೆರೆಗೂ ಊರು ಹಾಕಿದ ಗೆರೆಗೂ ಇರುವ ಅಂತರವನ್ನು ಪಾತಕ ಕಥನ ಇಲ್ಲಿಂದಲೇ ಕಲಿತಿತು.

ಮುದ್ರಿತ ಕಾದಂಬರಿಯ ಮೂಲವೂ ಇದೇ ನೆಲದ ಸುತ್ತ ಇದೆ. ನಿಜಾಮನ ಸೇವೆಯಲ್ಲಿದ್ದ ಫಿಲಿಪ್ ಮೆಡೋಸ್ ಟೇಲರ್ ಬರೆದ ‘ಕನ್ಫೆಷನ್ಸ್ ಆಫ್ ಎ ಥಗ್’ 1839ರಲ್ಲಿ ಪ್ರಕಟವಾಯಿತು. ಅಮೀರ್ ಅಲಿ ಎಂಬ ಠಕ್ಕ ಬಿಳಿಯ ಅಧಿಕಾರಿಯೊಬ್ಬನ ಮುಂದೆ ತನ್ನ ಕೊಲೆಗಳನ್ನು ತಾನೇ ಹೇಳಿಕೊಳ್ಳುವುದು ಇದರ ಕಟ್ಟಡ. ಟೇಲರ್ ಮುಂದೆ ಸುರಪುರ ಸಂಸ್ಥಾನದ ಆಡಳಿತ ನೋಡಿಕೊಂಡ. 1853ರ ಬಳಿಕ ಸೊಲ್ಲಾಪುರದಿಂದ ಹೈದರಾಬಾದಿಗೆ ಹೋಗುವ ಹಾದಿಯಲ್ಲಿರುವ ನಳದುರ್ಗದಲ್ಲಿ ಅಧಿಕಾರಿಯಾಗಿದ್ದ. ಪಾತಕಿಯೇ ಮಾತಾಡುವ ಈ ತಪ್ಪೊಪ್ಪಿಗೆಯ ಮಾದರಿ ಒಂದೂವರೆ ಶತಮಾನದ ಮೇಲೆ ಬೆಂಗಳೂರಿನ ಬರವಣಿಗೆಯಲ್ಲಿ ಮತ್ತೆ ಕಾಣಿಸಿತು. ಆದರೆ ಅಲ್ಲಿ ಕೇಳಿಸಿಕೊಳ್ಳುವ ಸಾಹೇಬ ಇರಲಿಲ್ಲ. ಪಾತಕಿ ನೇರವಾಗಿ ತನ್ನ ಭಾಷೆಯ ಓದುಗನಿಗೇ ಹೇಳಿದ. ಈ ಪ್ರಕಾರದ ಚರಿತ್ರೆಯಲ್ಲಿ ಇಷ್ಟು ದೊಡ್ಡ ತಿರುವು ಇನ್ನೊಂದಿಲ್ಲ.

ಕಟ್ಟಡ ಮತ್ತು ಪಾತ್ರಗಳು

ಸಾಮಾನ್ಯ ಕಥಾಕ್ರಮ ಹೀಗಿದೆ. ಹಳ್ಳಿಯಿಂದ ಬಂದ ಅಥವಾ ಕೊಳೆಗೇರಿಯಲ್ಲಿ ಬೆಳೆದ ಹುಡುಗನಿಗೆ ಅವಮಾನವೊಂದು ತಾಗುತ್ತದೆ. ‘ಅಣ್ಣ’ನೊಬ್ಬನ ಆಸರೆ ಸಿಗುತ್ತದೆ. ಮೊದಲ ಹೊಡೆತದೊಂದಿಗೆ ಹಿಂದಿರುಗುವ ದಾರಿ ಮುಚ್ಚುತ್ತದೆ. ಹೆಸರು ಬೆಳೆದಂತೆ ಪಕ್ಕದವರೇ ‘ಸ್ಕೆಚ್’ ಹಾಕತೊಡಗುತ್ತಾರೆ. ಕೊನೆಗೆ ಎದುರಾಳಿಯ ಮಚ್ಚು, ಪೊಲೀಸರ ಎನ್‌ಕೌಂಟರ್, ಇಲ್ಲವೇ ಶರಣಾಗತಿ. ‘ಸುಪಾರಿ’, ‘ಹಫ್ತಾ’, ‘ಮಾಮೂಲಿ’, ‘ರೌಡಿ ಶೀಟ್’, ‘ಗಡಿಪಾರು’ ಎಂಬ ಪದಗಳು ಈ ಕಥನದಲ್ಲಿ ವಿವರಣೆ ಇಲ್ಲದೆ ಬರುತ್ತವೆ. ಮಹಾರಾಷ್ಟ್ರದ ಕಡೆ ಗಡಿಪಾರಿಗೆ ‘ತಡಿಪಾರ್’ ಎನ್ನುತ್ತಾರೆ. ಕಾನೂನಿನ ಭಾಷೆಯೂ ಬೀದಿಗೆ ಇಳಿದಿದೆ: ಕರ್ನಾಟಕದ 1985ರ ಗೂಂಡಾ ಕಾಯ್ದೆ, ಸಂಘಟಿತ ಅಪರಾಧ ತಡೆಗೆ ಮಹಾರಾಷ್ಟ್ರ 1999ರಲ್ಲಿ ತಂದ ‘ಮೋಕಾ’, ಅದರ ಮಾದರಿಯಲ್ಲಿ ಕರ್ನಾಟಕ ಮರುವರ್ಷ ಮಾಡಿದ ‘ಕೋಕಾ’ ಇವೆಲ್ಲ ಸಂಭಾಷಣೆಗಳಲ್ಲಿ ಸಲೀಸಾಗಿ ಓಡಾಡುತ್ತವೆ.

ಗುಂಪಿನ ಒಳಗಿನ ಸಂಬಂಧಗಳಿಗೆ ಮನೆಯ ಹೆಸರುಗಳೇ ಇವೆ. ಮುಖ್ಯಸ್ಥ ಅಣ್ಣ ಅಥವಾ ದಾದಾ, ಅವನ ಕೈಕೆಳಗಿನವರು ‘ಹುಡುಗರು’, ಸರೀಕರು ಪರಸ್ಪರ ‘ಗುರು’, ‘ಮಗಾ’. ಮನೆಯಲ್ಲಿ ಸಿಗದ ನಂಟನ್ನು ಬೀದಿ ಕೊಡುತ್ತದೆ. ಅದಕ್ಕೇ ಈ ಕಥನದಲ್ಲಿ ಕೊಲೆಗಿಂತ ದ್ರೋಹ ದೊಡ್ಡ ಪಾಪ.

ಹೆಂಗಸರ ಪಾತ್ರಗಳು ಬಹುಕಾಲ ತಾಯಿ ಮತ್ತು ಪ್ರೇಯಸಿ ಎಂಬ ಎರಡೇ ಅಚ್ಚಿನಲ್ಲಿ ನಿಂತವು. ಪ್ರಕಾರದ ಸ್ಪಷ್ಟ ಕೊರತೆ ಇದು. ತಾಯಿಯ ಅಚ್ಚು ಮಾತ್ರ ಕೆಲವು ಕಡೆ ತನ್ನ ಮಿತಿಯನ್ನು ದಾಟಿದೆ. 2005ರ ‘ಜೋಗಿ’ಯಲ್ಲಿ ನಗರದೊಳಗೆ ಕಳೆದುಹೋದ ಮಗನನ್ನು ಹುಡುಕಿಕೊಂಡು ಬರುವ ಹಳ್ಳಿಯ ತಾಯಿ ಕಥೆಯ ಪಕ್ಕದಲ್ಲಿ ನಿಲ್ಲುವುದಿಲ್ಲ, ಅದರ ನಡುವೆ ನಡೆಯುತ್ತಾಳೆ.

ಸಂಗ್ಯಾ ಬಾಳ್ಯಾ

ಗೆಳೆತನ ಮತ್ತು ದ್ರೋಹದ ಕನ್ನಡ ಕಥೆಗಳಲ್ಲಿ ಬೈಲಹೊಂಗಲದ ‘ಸಂಗ್ಯಾ ಬಾಳ್ಯಾ’ಕ್ಕೆ ಮೊದಲ ಸ್ಥಾನ. ನಡೆದ ಕೊಲೆಯೊಂದನ್ನು ಆಧರಿಸಿದ ಈ ಸಣ್ಣಾಟವನ್ನು ಪತ್ತಾರ ಮಾಸ್ತರರು ರಚಿಸಿದರೆಂದು ಹೇಳಲಾಗುತ್ತದೆ. ಸಿರಿವಂತ ತರುಣ ಸಂಗ್ಯಾ ವ್ಯಾಪಾರಿಯೊಬ್ಬನ ಹೆಂಡತಿ ಗಂಗಿಗೆ ಮನಸೋಲುತ್ತಾನೆ, ಗೆಳೆಯ ಬಾಳ್ಯಾ ಅವನಿಗೆ ಜೊತೆಯಾಗುತ್ತಾನೆ. ಸುದ್ದಿ ಹೊರಬಿದ್ದ ಮೇಲೆ ಗಂಡ ಮತ್ತು ಅವನ ಅಣ್ಣತಮ್ಮಂದಿರು ಬಾಳ್ಯಾನನ್ನೇ ಆಮಿಷದಿಂದ ಒಲಿಸಿಕೊಳ್ಳುತ್ತಾರೆ. ಗೆಳೆಯನ ಮಾತು ನಂಬಿ ಹೊರಟ ಸಂಗ್ಯಾ ಕೊಲೆಯಾಗುತ್ತಾನೆ.

ಈ ಆಟದಲ್ಲಿ ಖಳ ಯಾರೆಂಬುದಕ್ಕೆ ಒಂದೇ ಉತ್ತರವಿಲ್ಲ. ಸಂಗ್ಯಾ ತಪ್ಪು ಮಾಡಿದವನು, ಆದರೂ ನೋಡುಗರ ಮರುಕ ಅವನ ಕಡೆಗಿದೆ. ಕೊಂದವರಿಗೆ ಮನೆತನದ ಮಾನದ ನೆಪವಿದೆ. ಬಾಳ್ಯಾನಿಗೆ ಮಾತ್ರ ಯಾವ ನೆಪವೂ ಇಲ್ಲ. ಹೆಸರಿನಲ್ಲಿ ಇಬ್ಬರನ್ನೂ ಜೋಡಿಯಾಗಿಯೇ ಇಟ್ಟಿರುವುದರಿಂದ ಕೊಂದವರಿಗಿಂತ ಕೈಬಿಟ್ಟವನೇ ಶೀರ್ಷಿಕೆಯಲ್ಲಿ ಉಳಿದಿದ್ದಾನೆ. ಚಂದ್ರಶೇಖರ ಕಂಬಾರರ ಆಸಕ್ತಿಯಿಂದ ಈ ಆಟ ಆಧುನಿಕ ರಂಗಭೂಮಿಗೆ ಪರಿಚಯವಾಯಿತು. 1992ರಲ್ಲಿ ಚಲನಚಿತ್ರವೂ ಆಯಿತು.

ಭೀಮಾತೀರದ ಧಾರೆ

ಭೀಮಾ ನದಿ ಪಂಢರಪುರವನ್ನು ಹಾದು ಸೊಲ್ಲಾಪುರ ಜಿಲ್ಲೆಯ ದಕ್ಷಿಣಕ್ಕೆ ಗಡಿಯಂತೆ ಹರಿದು ಇಂಡಿ, ಅಫಜಲಪುರಗಳ ಕಡೆಗೆ ಇಳಿಯುತ್ತದೆ. ಅದರ ಎರಡೂ ದಡಗಳಲ್ಲಿ ಕನ್ನಡ ಮಾತಾಡುವ ಹಳ್ಳಿಗಳಿವೆ. ಮಹಾಜನ ಆಯೋಗ 1967ರಲ್ಲಿ ಅಕ್ಕಲಕೋಟೆ, ಜತ್ತ ಮತ್ತು ಸೊಲ್ಲಾಪುರ ಭಾಗದ ಊರುಗಳನ್ನು ಕರ್ನಾಟಕಕ್ಕೆ ಸೇರಿಸಲು ಶಿಫಾರಸು ಮಾಡಿದ್ದು ಈ ಕಾರಣಕ್ಕೇ. ಸ್ವಾತಂತ್ರ್ಯಪೂರ್ವದಲ್ಲಿ ಇಲ್ಲಿ ಬ್ರಿಟಿಷರ ಮುಂಬಯಿ ಪ್ರಾಂತ್ಯ, ಅಕ್ಕಲಕೋಟೆ ಮತ್ತು ಜತ್ತ ಸಂಸ್ಥಾನಗಳು, ನಿಜಾಮನ ಸೀಮೆ ಇವೆಲ್ಲ ಒಂದಕ್ಕೊಂದು ಅಂಟಿಕೊಂಡಿದ್ದವು. ಒಂದು ಕಡೆ ತಪ್ಪು ಮಾಡಿದವನು ರಾತ್ರಿ ನಡೆದರೆ ಬೆಳಗಾಗುವುದರೊಳಗೆ ಇನ್ನೊಂದು ಆಳ್ವಿಕೆಯ ನೆಲ ಮುಟ್ಟುತ್ತಿದ್ದ. ಈಗಲೂ ಹೊಳೆ ದಾಟಿದರೆ ಪೊಲೀಸ್ ಠಾಣೆ ಮಾತ್ರವಲ್ಲ, ರಾಜ್ಯವೇ ಬದಲಾಗುತ್ತದೆ. ಈ ಸೀಮೆಯ ಕಥೆಗಳಲ್ಲಿ ತಲೆಮರೆಸಿಕೊಳ್ಳುವಿಕೆ ಇಷ್ಟು ದೊಡ್ಡ ಜಾಗ ಹಿಡಿದಿರುವುದಕ್ಕೆ ಈ ಭೂಗೋಳವೇ ಕಾರಣ.

ಈ ಕಥೆಗಳ ಅತಿ ಪ್ರಸಿದ್ಧ ನಾಯಕ ಸಿಂಧೂರ ಲಕ್ಷ್ಮಣ. ಈಗಿನ ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನ ಸಿಂಧೂರಿನವನು. ಬ್ರಿಟಿಷ್ ಆಡಳಿತದ ಕಡತಗಳಲ್ಲಿ ದರೋಡೆಕೋರನಾದ ಇವನು 1920ರ ದಶಕದ ಆರಂಭದಲ್ಲಿ ಬೀಳಗಿ ಸೀಮೆಯಲ್ಲಿ ಗುಂಡಿಗೆ ಬಲಿಯಾದ. ನಂಬಿದವರೇ ಊಟಕ್ಕೆ ಕರೆದು ಮೋಸ ಮಾಡಿದರೆಂದು ಜನ ಹೇಳುತ್ತಾರೆ. ಉತ್ತರ ಕರ್ನಾಟಕದ ಕಂಪನಿ ನಾಟಕಗಳೂ ಹಳ್ಳಿಯ ಹವ್ಯಾಸಿ ತಂಡಗಳೂ ಇವನ ಕಥೆಯನ್ನು ಲೆಕ್ಕವಿಲ್ಲದಷ್ಟು ಸಲ ಆಡಿವೆ. 1977ರಲ್ಲಿ ‘ವೀರ ಸಿಂಧೂರ ಲಕ್ಷ್ಮಣ’ ಚಿತ್ರ ಬಂತು. ಮರಾಠಿಯಲ್ಲಿ ಇದಕ್ಕೆ ಸಾಟಿಯಾಗಿ ನಿಲ್ಲುವುದು ಇದೇ ಸಾಂಗಲಿ ಜಿಲ್ಲೆಯ ವಾಟೇಗಾವದಲ್ಲಿ ಹುಟ್ಟಿದ ಅಣ್ಣಾಭಾವು ಸಾಠೆಯವರ ‘ಫಕೀರಾ’ (1959) ಕಾದಂಬರಿ. ಬರಗಾಲದಲ್ಲಿ ತನ್ನ ಜನರ ಹೊಟ್ಟೆಗಾಗಿ ಖಜಾನೆ ಲೂಟಿ ಮಾಡುವ ಮಾಂಗ ಸಮುದಾಯದ ವೀರನ ಕಥೆ ಅದು.

ಇಪ್ಪತ್ತನೆಯ ಶತಮಾನದ ಕೊನೆಗೆ ಭೀಮಾತೀರದ ಕಥೆ ಲಾವಣಿಯಿಂದ ವಾರಪತ್ರಿಕೆಗೆ ದಾಟಿತು. ಹೊಲದ ಬದು, ಊರಿನ ಯಜಮಾನಿಕೆ, ಜಾತಿಯ ಅವಮಾನ, ನಾಡಪಿಸ್ತೂಲು ಇವು ಸೇರಿ ತಲೆಮಾರಿನಿಂದ ತಲೆಮಾರಿಗೆ ಸಾಗಿದ ಹಗೆಗಳನ್ನು ರವಿ ಬೆಳಗೆರೆ (1958–2020) ‘ಭೀಮಾ ತೀರದ ಹಂತಕರು’ ಪುಸ್ತಕದಲ್ಲಿ ವರದಿಗಾರನ ಶೈಲಿಯಲ್ಲಿ ಬರೆದರು. ಭೀಮಾತೀರದ ಹಂತಕ ಚಂದಪ್ಪ ಹರಿಜನನ ಹೆಸರು ಈ ಸೀಮೆಯ ಹೊರಗೂ ಪರಿಚಿತವಾದದ್ದು ಇಂಥ ಬರಹಗಳಿಂದ. 2012ರಲ್ಲಿ ಓಂಪ್ರಕಾಶ್ ರಾವ್ ನಿರ್ದೇಶನದ, ದುನಿಯಾ ವಿಜಯ್ ಅಭಿನಯದ ‘ಭೀಮಾ ತೀರದಲ್ಲಿ’ ಬಿಡುಗಡೆಯಾಯಿತು. ‘ಭೀಮಾತೀರ’ ಎಂಬ ಮಾತು ಅಪರಾಧ ಸುದ್ದಿಗಳ ಶೀರ್ಷಿಕೆಯಲ್ಲಿ ಅಂದಿನಿಂದ ಅಂಟಿಕೊಂಡಿದೆ. ಬಿಳಿಜೋಳ ಬೆಳೆದು, ಪಂಢರಪುರದ ವಾರಿಗೆ ನಡೆದು, ವಚನ ಹಾಡಿ ಬದುಕುವ ಲಕ್ಷಾಂತರ ಜನರ ನೆಲಕ್ಕೆ ಇದು ಅನ್ಯಾಯದ ಗುರುತು.

ಸೊಲ್ಲಾಪುರದ ‘ಸೆಟ್ಲಮೆಂಟ್’

ಸೊಲ್ಲಾಪುರ ಪಾತಕ ಕಥನಕ್ಕೆ ಕೊಟ್ಟಿರುವುದು ಬೇರೊಂದು ಪ್ರಶ್ನೆ: ಅಪರಾಧಿ ಎಂಬ ಹೆಸರನ್ನು ಯಾರು ಇಡುತ್ತಾರೆ? 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ ಕೆಲವು ಸಮುದಾಯಗಳನ್ನು ಹುಟ್ಟಿನಿಂದಲೇ ಕಳ್ಳರೆಂದು ಪಟ್ಟಿ ಮಾಡಿತು. 1911ರ ತಿದ್ದುಪಡಿಯ ನಂತರ ಮುಂಬಯಿ ಪ್ರಾಂತ್ಯದಲ್ಲೂ ಅದು ಜಾರಿಗೆ ಬಂತು. ಸೊಲ್ಲಾಪುರ, ವಿಜಾಪುರ, ಹುಬ್ಬಳ್ಳಿ, ಗದಗಗಳಲ್ಲಿ ಈ ಜನರನ್ನು ಬೇಲಿಯೊಳಗೆ ಕೂಡಿಹಾಕುವ ವಸತಿಗಳು ಎದ್ದವು. ಜನರ ಬಾಯಲ್ಲಿ ಅವು ‘ಸೆಟ್ಲಮೆಂಟ್’. ಕೈಕಾಡಿ, ಕೊರವ, ಪಾರ್ಧಿ, ಭಾಮಟಾ ಮುಂತಾದ ಸಮುದಾಯಗಳವರು ಹಾಜರಿ ಕೊಟ್ಟು ಹೊರಬರಬೇಕಿತ್ತು. ಗಿರಣಿಗಳ ಊರಾದ ಸೊಲ್ಲಾಪುರದಲ್ಲಿ ಬಟ್ಟೆ ಗಿರಣಿಗಳಿಗೆ ಅವರು ಅಗ್ಗದ ಕೂಲಿಗಳಾದರು. 31 ಆಗಸ್ಟ್ 1952ರಂದು ಕಾಯ್ದೆ ರದ್ದಾಯಿತು, ಈ ಸಮುದಾಯಗಳಿಗೆ ‘ವಿಮುಕ್ತ’ ಎಂಬ ಹೆಸರು ಬಂತು. ಪೊಲೀಸರ ಸಂಶಯ ಮಾತ್ರ ಬೇಗ ತೊಲಗಲಿಲ್ಲ.

ಲಕ್ಷ್ಮಣ ಗಾಯಕವಾಡರ ಆತ್ಮಕಥನ ‘ಉಚಲ್ಯಾ’ (1987) ಈ ಅನುಭವದ ಮುಖ್ಯ ದಾಖಲೆ. ಲಾತೂರ ಸೀಮೆಯ ಧನೇಗಾವದವರಾದ ಅವರು ಜೇಬುಗಳ್ಳತನ ಕಲಿಸುವ ಹೊಡೆತಗಳು, ಮನೆಗೆ ನುಗ್ಗುವ ಪೊಲೀಸರು, ಶಾಲೆಗೆ ಹೋದ ಮೊದಲ ಹುಡುಗನ ಒಂಟಿತನ ಇವನ್ನೆಲ್ಲ ಮರೆಮಾಚದೆ ಬರೆದರು. 1988ರಲ್ಲಿ ಇದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಇಲ್ಲಿ ಬಿಡುಗಡೆ ಎಂದರೆ ಪಶ್ಚಾತ್ತಾಪವಲ್ಲ. ಮಾಡದ ತಪ್ಪಿನ ಮುದ್ರೆಯನ್ನು ಮೈಮೇಲಿಂದ ಕಿತ್ತೊಗೆಯುವ ಹೋರಾಟ.

ಅಕ್ಕಲಕೋಟೆ ತಾಲೂಕಿನ ಹನ್ನೂರಿನಲ್ಲಿ 1956ರಲ್ಲಿ ಹುಟ್ಟಿದ ಶರಣಕುಮಾರ ಲಿಂಬಾಳೆಯವರ ‘ಅಕ್ಕರಮಾಶಿ’ (1984) ಕಟ್ಟುನಿಟ್ಟಾಗಿ ಪಾತಕ ಕಥನವಲ್ಲ, ದಲಿತ ಆತ್ಮಕಥನ. ಆದರೂ ಹಸಿವು, ಕದ್ದು ಮಾರುವ ಸೆರೆ, ಬಸ್ ನಿಲ್ದಾಣದ ಹಮಾಲಿ, ಪಾಟೀಲಕಿಯ ದರ್ಪ ಇವುಗಳ ನಡುವೆ ಬೆಳೆಯುವ ಹುಡುಗನ ಈ ಚಿತ್ರವನ್ನು ಬಿಟ್ಟು ಈ ಸೀಮೆಯ ಬೀದಿಯನ್ನು ಅರಿಯಲಾಗದು. ಊಟ ಕೊಟ್ಟವರ ಜಾತಿ ಧರ್ಮ ಕೇಳದ ನಿಷ್ಠೆ ಈ ಪುಸ್ತಕದುದ್ದಕ್ಕೂ ಹರಿದಿದೆ. ಲಿಂಬಾಳೆಯವರ ‘ಸನಾತನ’ ಕಾದಂಬರಿಗೆ 2020ರ ಸರಸ್ವತಿ ಸಮ್ಮಾನ ಸಂದಿತು. ಈ ಎರಡೂ ಆತ್ಮಕಥನಗಳು ಕನ್ನಡಕ್ಕೆ ಅನುವಾದವಾಗಿವೆ.

ಬೆಂಗಳೂರಿನ ಧಾರೆ

ನಗರದ ಪಾತಕ ಕಥನಕ್ಕೆ ಕನ್ನಡದಲ್ಲಿ ಗಟ್ಟಿ ರೂಪ ಕೊಟ್ಟದ್ದು 1970–80ರ ದಶಕದ ಬೆಂಗಳೂರು. ಭೂಗತ ಲೋಕದ ಎಂ.ಪಿ. ಜಯರಾಜ್ ಮತ್ತು ಕೊತ್ವಾಲ ರಾಮಚಂದ್ರ ಇವರ ಎದುರಾಳಿತನ ಆ ಕಾಲದ ಅಕ್ಷ. 1986ರಲ್ಲಿ ಕೊತ್ವಾಲನ ಕೊಲೆಯಾಯಿತು, 1989ರಲ್ಲಿ ಜಯರಾಜ್ ಗುಂಡಿಗೆ ಬಿದ್ದ. ಆ ಲೋಕದೊಳಗಿದ್ದು ಹೊರಬಂದು ಪತ್ರಕರ್ತರಾದ ಅಗ್ನಿ ಶ್ರೀಧರ್ ‘ದಾದಾಗಿರಿಯ ದಿನಗಳು’ ಬರೆದರು. 2013ರಲ್ಲಿ ಅದು ಇಂಗ್ಲಿಷಿಗೂ ಹೋಯಿತು. ಅದಕ್ಕೂ ಮೊದಲು, 1995ರಲ್ಲಿ ಆರಂಭವಾದ ‘ಹಾಯ್ ಬೆಂಗಳೂರ್!’ ವಾರಪತ್ರಿಕೆ ಮತ್ತು ಬೆಳಗೆರೆಯವರ ‘ಪಾಪಿಗಳ ಲೋಕದಲ್ಲಿ’ ಬರಹಗಳು ಈ ಬಗೆಯ ಓದಿಗೆ ದೊಡ್ಡ ಬಳಗವನ್ನು ಕಟ್ಟಿದ್ದವು.

ಇಬ್ಬರ ಬರವಣಿಗೆಯ ನಿಲುವು ಬೇರೆ. ಬೆಳಗೆರೆ ನೋಡುವವರು, ಶ್ರೀಧರ್ ಮಾಡಿದವರು. ಶ್ರೀಧರರ ಕಿರುಕಾದಂಬರಿ ‘ಎದೆಗಾರಿಕೆ’ ಪ್ರಕಾರದ ಸಾಧನೆಗಳಲ್ಲಿ ಒಂದು: ಕೊಲ್ಲಬೇಕಾದವನೂ ಸಾಯಬೇಕಾದವನೂ ಮಲೆನಾಡಿನಲ್ಲಿ ಒಟ್ಟಿಗೆ ಕಳೆಯುವ ಹೊತ್ತೇ ಅದರ ಕಥೆ. ಓಟ, ಹೊಡೆದಾಟಗಳನ್ನು ಹಿಂದೆ ಸರಿಸಿ ಮಾತಿನ ಮೇಲೆ ನಿಲ್ಲುವ ಈ ಕೃತಿಯನ್ನು ಸುಮನಾ ಕಿತ್ತೂರು 2012ರಲ್ಲಿ ಚಿತ್ರವಾಗಿಸಿದರು.

ಚಲನಚಿತ್ರದಲ್ಲಿ ಉಪೇಂದ್ರರ ‘ಓಂ’ (1995) ಹೊಸ ಹಾದಿ ತೆರೆಯಿತು. ಪುರೋಹಿತರ ಮಗನೊಬ್ಬ ರೌಡಿಯಾಗುವ ಈ ಚಿತ್ರದಲ್ಲಿ ಶಿವರಾಜಕುಮಾರ್ ನಾಯಕರಾದರೆ, ಭೂಗತ ಲೋಕದ ಕೆಲವರು ತಮ್ಮ ನಿಜರೂಪದಲ್ಲೇ ತೆರೆಯ ಮೇಲೆ ಬಂದರು. ನೂರಾರು ಸಲ ಮರುಬಿಡುಗಡೆಯಾದ ದಾಖಲೆ ಅದರದು. 2007 ಇನ್ನೊಂದು ತಿರುವು. ಸೂರಿಯವರ ‘ದುನಿಯಾ’ ಕಲ್ಲುಕ್ವಾರಿಯ ಬಡ ಕೂಲಿಯನ್ನು ನಗರದ ಅಪರಾಧದೊಳಗೆ ಇಳಿಸಿ ತೋರಿಸಿತು. ಕೆ.ಎಂ. ಚೈತನ್ಯ ನಿರ್ದೇಶನದ ‘ಆ ದಿನಗಳು’ ಅಬ್ಬರವನ್ನು ಬಿಟ್ಟು ತಣ್ಣಗೆ ಹೇಳಿತು. ‘ಆ ದಿನಗಳು’ ಮತ್ತು ‘ಎದೆಗಾರಿಕೆ’ ಎರಡರಲ್ಲೂ ನಟಿಸಿದ ಅತುಲ್ ಕುಲಕರ್ಣಿ ಸೊಲ್ಲಾಪುರದ ಹರಿಭಾಯಿ ದೇವಕರಣ ಶಾಲೆಯಲ್ಲಿ ಓದಿ, ಅಲ್ಲಿನ ನಾಟ್ಯ ಆರಾಧನಾ ತಂಡದಲ್ಲಿ ರಂಗಭೂಮಿ ಕಲಿತವರು.

ಕರಾವಳಿ ತಡವಾಗಿ ಸೇರಿಕೊಂಡಿತು: ಮಲ್ಪೆಯ ‘ಉಳಿದವರು ಕಂಡಂತೆ’ (2014), ಮಂಗಳೂರಿನ ‘ಗರುಡ ಗಮನ ವೃಷಭ ವಾಹನ’ (2021). ಎರಡನೆಯದು ಹರಿ ಮತ್ತು ಶಿವ ಎಂಬ ಗೆಳೆಯರ ಒಡನಾಟ ಒಡೆಯುವ ಕಥೆ. ವೇಷ ಬದಲಾದರೂ ‘ಸಂಗ್ಯಾ ಬಾಳ್ಯಾ’ದ ಕುಲವೇ.

ಹೊರಗಿನ ಹೋಲಿಕೆಗಳು

ಅಮೆರಿಕದ ಕಪ್ಪು ಜನರ ಕೇರಿಗಳಿಂದ ಬಂದ ಬೀದಿ ಕಾದಂಬರಿಗೆ ಐಸ್‌ಬರ್ಗ್ ಸ್ಲಿಮ್‌ನ ‘ಪಿಂಪ್’ (1967) ಮತ್ತು ಸಿಸ್ಟರ್ ಸೋಲ್ಜಾಳ ‘ದಿ ಕೋಲ್ಡೆಸ್ಟ್ ವಿಂಟರ್ ಎವರ್’ (1999) ಮೈಲಿಗಲ್ಲುಗಳು. ಎರಡನೆಯದರಲ್ಲಿ ಕಥೆ ಹೇಳುವವಳು ಮಾದಕವಸ್ತು ವ್ಯಾಪಾರಿಯ ಮಗಳು. ಕನ್ನಡ ಇನ್ನೂ ಇಡದ ಹೆಜ್ಜೆ ಅದು. ಮರಾಠಿಯಲ್ಲಿ ಮುಂಬಯಿಯ ನಾಕಾದ ಪುಂಡ ಹುಡುಗರನ್ನು ಅವರದೇ ಭಾಷೆಯಲ್ಲಿ ಬರೆದ ಭಾವು ಪಾಧ್ಯೆಯವರ ‘ವಾಸುನಾಕಾ’ (1965) ಅಶ್ಲೀಲತೆಯ ವಿವಾದಕ್ಕೆ ಸಿಕ್ಕಿತು. ಬಾಬುರಾವ್ ಬಾಗುಲರ ಕಥೆಗಳು ಕೊಳೆಗೇರಿಯ ಹಿಂಸೆಯ ಬೇರಿನಲ್ಲಿ ಜಾತಿಯನ್ನು ತೋರಿಸಿದವು.

ಬಿಡುಗಡೆಯ ಪ್ರಯೋಗಗಳು

ಕಥೆಯ ಹೊರಗೆ ನಡೆದ ಪ್ರಯೋಗಗಳೂ ಈ ಪ್ರಕಾರವನ್ನು ಬೆಳೆಸಿವೆ. ಸೊಲ್ಲಾಪುರಕ್ಕೆ ಪಶ್ಚಿಮದಲ್ಲಿರುವ ಆಟಪಾಡಿಯ ಬಳಿ ಔಂಧ ಸಂಸ್ಥಾನ ಸ್ವತಂತ್ರಪುರ ಎಂಬ ತೆರೆದ ಸೆರೆಮನೆಯನ್ನು ಕಟ್ಟಿತು. ಗೋಡೆಯಿಲ್ಲದ ಈ ಸೆರೆಮನೆಯಲ್ಲಿ ಕೈದಿಗಳು ಹೊಲ ಮಾಡುತ್ತಿದ್ದರು. ವಿ. ಶಾಂತಾರಾಂ ಅವರ ‘ದೋ ಆಂಖೇ ಬಾರಾ ಹಾಥ್’ (1957) ಚಿತ್ರಕ್ಕೆ ಇದೇ ಪ್ರೇರಣೆ.

ಕರ್ನಾಟಕದಲ್ಲಿ ರಂಗಾಯಣದ ಹುಲುಗಪ್ಪ ಕಟ್ಟೀಮನಿ ಸೆರೆಮನೆಗಳ ಒಳಗೆ ನಾಟಕ ಕಲಿಸಿದರು. ಎಚ್.ಎಸ್. ಶಿವಪ್ರಕಾಶರ ‘ಮಾರನಾಯಕ’, ಅಂದರೆ ಷೇಕ್ಸ್‌ಪಿಯರನ ಮ್ಯಾಕ್‌ಬೆತ್‌ನ ಕನ್ನಡ ರೂಪವನ್ನು ಕೈದಿಗಳು ರಂಗದ ಮೇಲೆ ಆಡಿದರು. ಕೊಲೆಯ ಶಿಕ್ಷೆ ಅನುಭವಿಸುತ್ತಿರುವವನು ಕೊಲೆಗಾರ ದೊರೆಯ ಮಾತನ್ನು ತನ್ನ ಬಾಯಲ್ಲಿ ಆಡುವಾಗ ಪಶ್ಚಾತ್ತಾಪಕ್ಕೆ ಸಿಗುವ ತೂಕವನ್ನು ಯಾವ ಚಿತ್ರದ ಕೊನೆಯ ದೃಶ್ಯವೂ ಕೊಡಲಾರದು.

ವಿಮರ್ಶೆ ಮತ್ತು ಇಂದಿನ ಸ್ಥಿತಿ

ಹಿಂಸೆಯನ್ನು ವೈಭವೀಕರಿಸುತ್ತದೆ, ಹುಡುಗರಿಗೆ ಮಚ್ಚನ್ನು ಆಭರಣವಾಗಿ ತೋರಿಸುತ್ತದೆ ಎಂಬ ಆಕ್ಷೇಪ ಈ ಪ್ರಕಾರದ ಮೇಲೆ ಸತತವಾಗಿ ಇದೆ. ನಾಯಕನಟನ ಅಭಿಮಾನಿ ಬಳಗಕ್ಕಾಗಿ ತಯಾರಾದ ಅನೇಕ ಚಿತ್ರಗಳ ಮಟ್ಟಿಗೆ ಅದು ನಿಜ. ಗಟ್ಟಿ ಕೃತಿಗಳಲ್ಲಿ ಹಿಂಸೆಗೆ ಬೆಲೆ ತೆರುವವರು ಹೆಚ್ಚಾಗಿ ಬಡವರ ಮಕ್ಕಳು, ಲಾಭ ಪಡೆಯುವವರು ಮೇಲೆ ಕೂತವರು ಎಂಬ ತಿಳಿವು ಮರೆಯಾಗುವುದಿಲ್ಲ.

ಸೂರಿಯವರ ‘ಟಗರು’ (2018) ಕಾಲವನ್ನು ಹಿಂದೆಮುಂದೆ ಮಾಡಿ ಕಥೆ ಕಟ್ಟಿತು. ಜಯರಾಜ್‌ನ ಕಾಲಕ್ಕೆ ಮರಳಿದ ‘ಹೆಡ್ ಬುಷ್’ (2022) ಅಗ್ನಿ ಶ್ರೀಧರರ ಬರವಣಿಗೆಯದು. ದುನಿಯಾ ವಿಜಯ್ ನಿರ್ದೇಶಿಸಿ ನಟಿಸಿದ ‘ಸಲಗ’ (2021) ಮತ್ತು ‘ಭೀಮ’ (2024) ಬೆಂಗಳೂರಿನ ಇಂದಿನ ಕೇರಿಭಾಷೆಯನ್ನು ತಂದವು. ಎರಡನೆಯದು ಹುಡುಗರ ನಡುವಿನ ಮಾದಕವಸ್ತು ಚಟವನ್ನು ವಸ್ತುವಾಗಿಸಿಕೊಂಡಿತು. ಸೊಲ್ಲಾಪುರ ಜಿಲ್ಲೆಯ ಕರಮಾಳಾ ತಾಲೂಕಿನ ಜೇವೂರಿನ ನಾಗರಾಜ ಮಂಜುಳೆ ‘ಸೈರಾಟ್’ (2016) ನಂತರ ಹಿಂದಿಯಲ್ಲಿ ‘ಝುಂಡ್’ (2022) ಮಾಡಿದರು. ನಾಗಪುರದ ಕೊಳೆಗೇರಿಯ ಹುಡುಗರು ಸಣ್ಣಪುಟ್ಟ ಕಳ್ಳತನಗಳಿಂದ ಫುಟ್‌ಬಾಲ್ ಮೈದಾನಕ್ಕೆ ಬರುವ ಈ ಚಿತ್ರದಲ್ಲಿ ದಾರಿ ತೋರುವವನು ಅಣ್ಣನಲ್ಲ, ನಿವೃತ್ತಿಯ ಅಂಚಿನ ಮಾಸ್ತರ. ಚಂಡು ಕೈಗೆ ಬಂದ ಮೇಲೂ ಹಳೆಯ ಪೊಲೀಸ್ ಕೇಸು ಹುಡುಗನೊಬ್ಬನ ಪಾಸ್‌ಪೋರ್ಟಿಗೆ ಅಡ್ಡ ನಿಲ್ಲುತ್ತದೆ.